ಅಲಗು ಬದಲಾದ ಚಾಕುವಿಗೆ ಎರಡು ವಯಸ್ಸು

ಖಾನಾಪುರ ತಾಲೂಕಿನ ಓದುಗರೊಬ್ಬರು ಒಂದು ಮಡಚುವ ಚಾಕುವಿನ ಫೋಟೊಗಳನ್ನು ಕಳಿಸಿ ಪ್ರಶ್ನೆ ಕೇಳಿದ್ದಾರೆ. ಅವರ ಅಜ್ಜ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದವರು. ಎರಡನೇ ಮಹಾಯುದ್ಧ ಮುಗಿದು ಊರಿಗೆ ಮರಳುವಾಗ ಟ್ರಂಕಿನಲ್ಲಿ ತಂದ ಸಾಮಾನುಗಳಲ್ಲಿ ಇದೂ ಒಂದಂತೆ. ಹಿಡಿಕೆ ಕಪ್ಪು, ಕೈ ಜಾರದಂತೆ ಮೇಲೆ ಸಣ್ಣ ಚೌಕುಳಿ ಗೀರುಗಳು. ಒಂದು ಬದಿಗೆ ದಬ್ಬಳದಂಥ ಮೊನೆ, ಇನ್ನೊಂದು ಬದಿಗೆ ಡಬ್ಬಿ ಕೊಯ್ಯುವ ಕೊಕ್ಕೆ ಮತ್ತು ದೊಡ್ಡ ಅಲಗು. ತೊಡಕಿರುವುದು ಈ ಅಲಗಿನಲ್ಲಿ. ಮೊನೆಯೂ ಕೊಕ್ಕೆಯೂ ಕಪ್ಪಿಟ್ಟು ಮುಪ್ಪಾಗಿವೆ, ಅಲಗಿನ ಬಣ್ಣ ಮಾತ್ರ ಬೇರೆ. ಮಡಚಿದರೆ ಅದರ ತುದಿ ಹಿಡಿಕೆಯಿಂದ ತುಸು ಹೊರಗೆ ಚಾಚುತ್ತದೆ. ಹಳೇ ಸಾಮಾನು ಕೊಳ್ಳುವವರೊಬ್ಬರು ನೋಡಿ ಡೂಪ್ಲಿಕೇಟ್ ಎಂದುಬಿಟ್ಟರಂತೆ. ಓದುಗರ ಪ್ರಶ್ನೆ ಇಷ್ಟು: ಇದು ಅಜ್ಜನ ಕಾಲದ್ದು ಹೌದೋ ಅಲ್ಲವೋ, ವಿಜ್ಞಾನದಲ್ಲಿ ಇದಕ್ಕೊಂದು ಪರೀಕ್ಷೆ ಇಲ್ಲವೇ?

ಪರೀಕ್ಷೆಗಳು ಹಲವಿವೆ. ಆದರೆ ಅವಕ್ಕೆ ಕೇಳುವ ಪ್ರಶ್ನೆಯನ್ನು ಮೊದಲು ಸರಿಪಡಿಸಿಕೊಳ್ಳಬೇಕು. ಅಲಗು ಬದಲಾದ ಚಾಕುವಿಗೆ ಒಂದೇ ವಯಸ್ಸು ಹುಡುಕುವುದು ವ್ಯರ್ಥ. ಒಡಲಿಗೆ ಒಂದು ವಯಸ್ಸು, ಅಲಗಿಗೆ ಇನ್ನೊಂದು. ಇವೆರಡನ್ನೂ ಜೋಡಿಸಿದ ದಿನಕ್ಕೆ ಮೂರನೆಯದೊಂದು ಗುರುತು ಉಳಿದಿರುತ್ತದೆ. ಮೂರನ್ನೂ ಬಿಡಿಬಿಡಿಯಾಗಿ ಓದಿದರೆ ಡೂಪ್ಲಿಕೇಟ್ ಎಂಬ ಮಾತು ಎಷ್ಟು ದುಡುಕಿನದು ಎಂದು ತಿಳಿಯುತ್ತದೆ.

ಇಂಥ ಚಾಕುಗಳು ಬೆಳಗಾವಿ ಸೀಮೆಯಲ್ಲಿ ಸಿಗುವುದರಲ್ಲಿ ಆಶ್ಚರ್ಯವಿಲ್ಲ. 1818ರಲ್ಲಿ ಬ್ರಿಟಿಷ್ ಸೇನಾನಿ ಮನ್ರೋ ಬೆಳಗಾವಿ ಕೋಟೆಯನ್ನು ಹಿಡಿದ ಮೇಲೆ ಇಲ್ಲಿ ದಂಡು ಬೇರೂರಿತು. 1922ರಿಂದ ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರ ಇಲ್ಲೇ ಇದೆ. 1880ರ ದಶಕದ ಕೊನೆಯಲ್ಲಿ ಲೋಂಡಾ ಮಾರ್ಗವಾಗಿ ಮುರಗಾಂವ್ ಬಂದರಿಗೆ ರೈಲು ಹಾದಿ ತೆರೆಯಿತು, ಹಡಗಿನಿಂದ ಇಳಿದ ವಿಲಾಯತಿ ಸಾಮಾನು ನೇರವಾಗಿ ಪೇಟೆಗೆ ಬರತೊಡಗಿತು. ಸಿಪಾಯಿಗಳು, ರೈಲ್ವೆಯವರು, ಖಾನಾಪುರದ ಕಾಡಿನಲ್ಲಿ ಕೆಲಸ ಮಾಡಿದ ಅರಣ್ಯ ಇಲಾಖೆಯವರು ಎಲ್ಲರಿಗೂ ಮಡಚುವ ಚಾಕು ಬೇಕಿತ್ತು. ಜಾಂಬೋಟಿ, ಕಣಕುಂಬಿ ಕಡೆಯ ಮಳೆಗಾಲ ಎಂಥದೆಂದು ಅಲ್ಲಿಯವರಿಗೆ ಹೇಳಬೇಕಿಲ್ಲ. ಒರೆಸದೆ ಇಟ್ಟ ಉಕ್ಕಿನ ಅಲಗು ಒಂದೇ ಮಳೆಗಾಲದಲ್ಲಿ ಕೆಂಪಾಗುತ್ತದೆ, ಹತ್ತಾರು ಮಳೆಗಾಲಗಳಲ್ಲಿ ತೂತು ಬೀಳುತ್ತದೆ. ಹಿಡಿಕೆ ಗಟ್ಟಿಯಾಗಿದ್ದು ಅಲಗು ಸವೆದರೆ ಜನ ಚಾಕುವನ್ನು ಎಸೆಯುತ್ತಿರಲಿಲ್ಲ, ಕುಲುಮೆಗೆ ಒಯ್ಯುತ್ತಿದ್ದರು.

ಗುರುತು ಹಿಡಿಯಲು ಹೊರಟವರು ಸಾಮಾನ್ಯವಾಗಿ ಮೊದಲು ನೋಡುವುದು ಅಕ್ಷರಗಳನ್ನು. ಅದಕ್ಕೆ ಕಾರಣವೂ ಇದೆ. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಚಾಕು ತಯಾರಕರ ಸಂಘಕ್ಕೆ 1624ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯೇ ಬಲ ಕೊಟ್ಟಿತು, ಕುಶಲಕರ್ಮಿಗಳ ಮುದ್ರೆಗಳನ್ನು ಸಂಘ ದಾಖಲಿಸಿ ಕಾಪಾಡಿತು. ಜೋಸೆಫ್ ರಾಜರ್ಸ್ ಕಂಪನಿಯ ನಕ್ಷತ್ರ ಮತ್ತು ಮಾಲ್ಟಾ ಶಿಲುಬೆಯ ಜೋಡಿ ಮುದ್ರೆ 18ನೇ ಶತಮಾನದ್ದು. ಅದೇ ಕಂಪನಿಯ ಅಲಗಿನ ಮೇಲೆ ಕಿರೀಟದ ಎರಡು ಬದಿಗೆ ವಿ ಮತ್ತು ಆರ್ ಅಕ್ಷರಗಳಿದ್ದರೆ ಅದು ವಿಕ್ಟೋರಿಯಾ ರಾಣಿಯ ಕಾಲ, ಅಂದರೆ 1901ಕ್ಕೆ ಮುಂಚಿನದು. ಇ ಮತ್ತು ಆರ್ ಇದ್ದರೆ ಎಡ್ವರ್ಡನ ಆಳ್ವಿಕೆಯ 1901ರಿಂದ 1910. ಜಿ ಮತ್ತು ಆರ್ ಇದ್ದರೆ ಸ್ವಲ್ಪ ಕಷ್ಟ, ಏಕೆಂದರೆ ಜಾರ್ಜ್ ಹೆಸರಿನ ದೊರೆಗಳು ವಿಕ್ಟೋರಿಯಾಳಿಗಿಂತ ಹಿಂದೆಯೂ ಇದ್ದರು, 1910ರ ನಂತರವೂ ಬಂದರು. ಬ್ರಿಟನ್ನಿನಲ್ಲಿ 1887ರಲ್ಲಿ, ಭಾರತದಲ್ಲಿ 1889ರಲ್ಲಿ ಸರಕಿನ ಮುದ್ರೆಗಳ ಕಾಯ್ದೆ ಬಂತು. 1890ರಲ್ಲಿ ಅಮೆರಿಕವೂ ಆಮದು ಸರಕಿನ ಮೇಲೆ ದೇಶದ ಹೆಸರು ಇರಲೇಬೇಕೆಂದಿತು. ಹಾಗಾಗಿ ಬುಡದಲ್ಲಿ ಶೆಫೀಲ್ಡ್ ಜೊತೆ ಇಂಗ್ಲೆಂಡ್ ಎಂದೂ ಒತ್ತಿದ್ದರೆ ಆ ಅಲಗು ಹೆಚ್ಚಾಗಿ 1890ರ ಈಚಿನದು.

ಸೈನ್ಯದ ಚಾಕುವಾದರೆ ಬಾಣದ ಗುರುತು ಹುಡುಕಬೇಕು. ಬ್ರಿಟಿಷ್ ಸರ್ಕಾರ ತನ್ನ ಸ್ವತ್ತಿನ ಮೇಲೆಲ್ಲ ಮೂರು ಗೆರೆಯ ಅಗಲ ಬಾಣವನ್ನು ಒತ್ತುತ್ತಿತ್ತು. ಭಾರತ ಸರ್ಕಾರದ ಸಾಮಾನಿನಲ್ಲಿ ಬಾಣದ ಜೊತೆ ಇಂಗ್ಲಿಷಿನ ಐ ಅಕ್ಷರವೂ ಸೇರುತ್ತಿತ್ತು. ಅಲಗು, ಡಬ್ಬಿ ಕೊಕ್ಕೆ, ಹಗ್ಗದ ಗಂಟು ಬಿಡಿಸುವ ಮೊನೆ ಈ ಮೂರೂ ಇರುವ ಚಾಕುವಿಗೆ ಸೈನ್ಯದ ದಾಖಲೆಯಲ್ಲಿ 6353 ಎಂಬ ಮಾದರಿ ಸಂಖ್ಯೆ ಇತ್ತು. ಅದರಲ್ಲಿ 1905ರ ರೂಪ ಒಂದು, 1939ರ ರೂಪ ಇನ್ನೊಂದು. ಚೌಕುಳಿ ಗೀರಿನ ಕಪ್ಪು ಪ್ಲಾಸ್ಟಿಕ್ ಹಿಡಿಕೆ ಎರಡನೆಯದರ ಲಕ್ಷಣ. ತಯಾರಕರ ಹೆಸರು, ಎಷ್ಟೋ ಸಲ ತಯಾರಾದ ಇಸವಿ ಕೂಡ ದೊಡ್ಡ ಅಲಗಿನ ಬುಡದಲ್ಲೇ ಇರುತ್ತದೆ.

ಅಡಚಣೆ ಇಲ್ಲೇ ಇದೆ. ಚಾಕುವಿನ ಜನ್ಮಪತ್ರ ಇರುವುದು ಅಲಗಿನ ಬುಡದಲ್ಲಿ. ಅಲಗು ಹೋಯಿತೆಂದರೆ ಜನ್ಮಪತ್ರವೂ ಹೋಯಿತು. ರಾಜರ್ಸ್ ಮುದ್ರೆಯ ಒಂದು ಮುರುಕು ಚಾಕುವಿನ ಅಲಗನ್ನು ಕಿತ್ತು ಹೆಸರಿಲ್ಲದ ಒಡಲಿಗೆ ಕೂರಿಸಿದರೆ ಆ ಒಡಲು ಕೂಡ ರಾಜರ್ಸ್ ಎನಿಸಿಕೊಳ್ಳುತ್ತದೆ. ರಾಜರ್ಸ್ ಮುದ್ರೆಯ ನಕಲು ಆ ಕಂಪನಿಯ ಉಚ್ಛ್ರಾಯ ಕಾಲದಲ್ಲೇ ಹೇರಳವಾಗಿತ್ತು ಎಂಬುದೂ ನೆನಪಿರಲಿ. ಆದ್ದರಿಂದ ಅಕ್ಷರ ಹೇಳುವುದು ಅಲಗಿನ ಕತೆಯನ್ನು ಮಾತ್ರ. ಅದನ್ನು ಇಡೀ ಚಾಕುವಿಗೆ ಅನ್ವಯಿಸುವ ಮುನ್ನ ಅಲಗೂ ಒಡಲೂ ಒಟ್ಟಿಗೆ ಬೆಳೆದವೇ ಎಂದು ನೋಡಬೇಕು. ಅಕ್ಷರಗಳಿಗಿಂತ ಸವೆತ ಹೆಚ್ಚು ನಂಬಿಕಸ್ಥ ಸಾಕ್ಷಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಳೇ ವಾಡೆಯ ಹೆಬ್ಬಾಗಿಲನ್ನು ಕಣ್ಣ ಮುಂದೆ ತಂದುಕೊಳ್ಳಿ. ನೂರು ವರ್ಷ ತೆರೆದು ಮುಚ್ಚಿದ ಕದ ನೆಲದ ಕಲ್ಲಿನ ಮೇಲೆ ಬಿಲ್ಲಿನಾಕಾರದ ಗೆರೆ ಕೊರೆದಿರುತ್ತದೆ. ತಿರುಗುಣಿ ತಿರುಗಿ ತಿರುಗಿ ಅದರ ಗುಳಿ ಒಂದು ಕಡೆಗೆ ಮೊಟ್ಟೆಯಾಕಾರಕ್ಕೆ ಸವೆದಿರುತ್ತದೆ. ಅಗುಳಿ ಬಡಿದ ಜಾಗದಲ್ಲಿ ಚೌಕಟ್ಟಿಗೆ ತಗ್ಗು ಬಿದ್ದಿರುತ್ತದೆ. ಈಗ ಕದವನ್ನು ಮಾತ್ರ ಹೊಸದಾಗಿ ಮಾಡಿಸಿದರೆ? ಬಡಗಿ ಎಷ್ಟೇ ಜಾಣನಾದರೂ ಹೊಸ ಕದ ನೆಲದ ಹಳೇ ಗೆರೆಯ ಮೇಲೆಯೇ ಸಾಗುವುದಿಲ್ಲ, ಒಂದು ಬೆರಳು ಒಳಗೋ ಹೊರಗೋ ಹೋಗುತ್ತದೆ. ಅಗುಳಿ ಹಳೇ ತಗ್ಗಿನ ಪಕ್ಕಕ್ಕೆ ಬಡಿಯುತ್ತದೆ. ಕದಕ್ಕೆ ಹಳೇ ಬಣ್ಣ ಬಳಿದು ಮುಪ್ಪು ಬರಿಸಬಹುದು, ಆದರೆ ಚೌಕಟ್ಟಿನಲ್ಲಿ ಮೂಡಿದ ಹಿಂದಿನ ಕದದ ನೆನಪನ್ನು ಅಳಿಸುವುದು ಕಷ್ಟ. ಹಾಗೆಯೇ ಮೂಲ ಕದವೇ ಇದ್ದರೆ ಸವೆತಕ್ಕೆ ಸವೆತ ಹೊಂದಿರುತ್ತದೆ, ನೆಲದ ಗೆರೆಯ ಒಂದೊಂದು ಉಬ್ಬಿಗೂ ಕದದ ಅಡಿಯಲ್ಲಿ ಒಂದೊಂದು ಉತ್ತರ ಇರುತ್ತದೆ.

ಚಾಕುವಿನಲ್ಲೂ ಹೀಗೆಯೇ. ಮಡಚುವ ಚಾಕುವಿನ ಬೆನ್ನಿನಲ್ಲಿ ಉದ್ದಕ್ಕೂ ಒಂದು ಉಕ್ಕಿನ ಸ್ಪ್ರಿಂಗ್ ಇರುತ್ತದೆ. ಅಲಗನ್ನು ಬಿಚ್ಚಿದಾಗ ಟಕ್ ಎಂದು ನಿಲ್ಲಿಸುವುದು, ಮಡಚಿದಾಗ ಒಳಗೆ ಎಳೆದುಕೊಳ್ಳುವುದು ಇದೇ. ಅಲಗಿನ ಬುಡ ಈ ಸ್ಪ್ರಿಂಗಿನ ತುದಿಯ ಮೇಲೆ ಉಜ್ಜಿಕೊಂಡೇ ತಿರುಗುತ್ತದೆ. ಸಾವಿರಾರು ಸಲ ತೆರೆದು ಮುಚ್ಚಿದ ಮೇಲೆ ಸ್ಪ್ರಿಂಗಿನ ತುದಿಯಲ್ಲಿ ಹೊಳೆಯುವ ಪಟ್ಟಿಯೊಂದು ಮೂಡುತ್ತದೆ. ಆ ಪಟ್ಟಿಯ ಅಗಲ ಅಲಗಿನ ದಪ್ಪಕ್ಕೆ ಸಮನಾಗಿರಬೇಕು. ಹೊಸ ಅಲಗು ತೆಳುವಾಗಿದ್ದರೆ ಹಳೇ ಪಟ್ಟಿಯ ಅಂಚು ಎರಡು ಬದಿಗೆ ಉಳಿದುಬಿಡುತ್ತದೆ, ಅದಕ್ಕೆ ಕಪ್ಪು ಹಿಡಿದಿರುತ್ತದೆ. ಮಡಚಿದಾಗ ಅಲಗಿನ ಬಾಯಿ ಸ್ಪ್ರಿಂಗಿಗೆ ತಾಕದಂತೆ ಬುಡದ ಹತ್ತಿರ ಒಂದು ಸಣ್ಣ ಉಬ್ಬು ಬಿಟ್ಟಿರುತ್ತಾರೆ. ಅದು ಬಡಿದು ಬಡಿದು ಸ್ಪ್ರಿಂಗಿನ ಒಳಮೈಯಲ್ಲಿ ಒಂದು ಗುಳಿ ಬೀಳುತ್ತದೆ. ಗುಳಿ ಒಂದು ಕಡೆ, ಉಬ್ಬು ಇನ್ನೊಂದು ಕಡೆ ಇದ್ದರೆ ಅಲಗು ಬದಲಾಗಿದೆ. ಸರಾಫರು ಬಳಸುವ ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ, ಒಂದು ಟಾರ್ಚು, ಒಂದು ವರ್ನಿಯರ್ ಕ್ಯಾಲಿಪರ್ ಇದ್ದರೆ ಇಷ್ಟನ್ನು ಮನೆಯಲ್ಲೇ ನೋಡಬಹುದು.

ಕೀಲಿನ ಮೊಳೆಯನ್ನೂ ಬಿಡಬಾರದು. ಒಳ್ಳೆಯ ಕಾರ್ಖಾನೆಯಲ್ಲಿ ಮೊಳೆಯ ತಲೆಯನ್ನು ಬಡಿದು, ಸುತ್ತಲಿನ ಲೋಹದ ಕಟ್ಟಿನ ಜೊತೆಗೇ ಉಜ್ಜಿ ನುಣ್ಣಗೆ ಮಾಡುತ್ತಾರೆ. ಎರಡೂ ಒಂದೇ ಲೋಹವಾದರೆ ಮೊಳೆ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಅಲಗು ಬದಲಿಸಬೇಕಾದರೆ ಈ ಮೊಳೆಯನ್ನು ಕೊರೆದು ತೆಗೆಯದೆ ಗತಿಯಿಲ್ಲ. ಹೊಸ ಮೊಳೆಯ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ, ಸುತ್ತಿಗೆಯ ಚಪ್ಪಟೆ ಗುರುತು, ತಲೆ ತುಸು ಉಬ್ಬಿರುವುದು, ಒಂದು ಬದಿಗೆ ಹಿತ್ತಾಳೆ ಇದ್ದು ಉಳಿದ ಮೊಳೆಗಳು ಕಬ್ಬಿಣವಾಗಿರುವುದು, ಇವೆಲ್ಲ ಜೋಡಣೆಯ ದಿನ ಬಿಟ್ಟುಹೋದ ಗುರುತುಗಳು. ಬರೀ ಮೊಳೆ ಬದಲಾಗಿದ್ದು ಅಲಗು ಹಳೆಯದೇ ಇರುವುದೂ ಉಂಟು, ಸಡಿಲಾದ ಕೀಲನ್ನು ಬಿಗಿ ಮಾಡಿಸಿದಾಗ ಹಾಗಾಗುತ್ತದೆ. ಆದ್ದರಿಂದ ಮೊಳೆ ಮತ್ತು ಸವೆತ ಎರಡೂ ಒಂದೇ ಮಾತು ಹೇಳಬೇಕು.

ಇನ್ನು ಅಲಗಿನ ಲೋಹ. ಇದರಲ್ಲಿ ನನಗೆ ಬಹಳ ಇಷ್ಟವಾದ ಕತೆಯೊಂದಿದೆ. ಶೆಫೀಲ್ಡಿನ ಬ್ರೌನ್ ಫರ್ತ್ ಪ್ರಯೋಗಾಲಯದಲ್ಲಿ ಹ್ಯಾರಿ ಬ್ರೇರ್ಲಿ ಎಂಬವನು ಬಂದೂಕಿನ ನಳಿಗೆ ಒಳಗಿನಿಂದ ಸವೆಯುವುದನ್ನು ತಡೆಯಲು ಬೇರೆಬೇರೆ ಉಕ್ಕು ಬೆರೆಸಿ ನೋಡುತ್ತಿದ್ದ. 1913ರ ಆಗಸ್ಟಿನಲ್ಲಿ ಸುಮಾರು 12.8 ಶೇಕಡಾ ಕ್ರೋಮಿಯಂ, 0.24 ಶೇಕಡಾ ಇಂಗಾಲ ಇದ್ದ ಒಂದು ಎರಕ ಹೊಯ್ಯಿಸಿದ. ಸೂಕ್ಷ್ಮದರ್ಶಕದಡಿ ಇಡಲು ಅದಕ್ಕೆ ಆಮ್ಲ ಹಚ್ಚಿದರೆ ಆಮ್ಲ ಹಿಡಿಯಲೇ ಇಲ್ಲ. ಬಂದೂಕಿನವರಿಗೆ ಅದು ಬೇಕಾಗಲಿಲ್ಲ, ಬ್ರೇರ್ಲಿಗೆ ಊಟದ ಚಾಕು ಹೊಳೆಯಿತು. ಆರ್. ಎಫ್. ಮೋಸ್ಲಿ ಕಂಪನಿಯ ಅರ್ನೆಸ್ಟ್ ಸ್ಟುವರ್ಟ್ ವಿನೆಗರ್ ಹಾಕಿ ಪರೀಕ್ಷಿಸಿ ಸ್ಟೇನ್‌ಲೆಸ್ ಎಂಬ ಹೆಸರಿಟ್ಟ. ಮೊದಲ ಅಲಗುಗಳಿಗೆ ಸರಿಯಾದ ಹದ ಸಿಗಲಿಲ್ಲ, ಕತ್ತರಿಸದ ಚಾಕು ಎಂದು ಊರಿನ ಕೆಲಸಗಾರರು ಹಂಗಿಸಿದರು. ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಕ್ರೋಮಿಯಂ ಉಕ್ಕೆಲ್ಲ ಯುದ್ಧದ ಕೆಲಸಕ್ಕೆ, ವಿಮಾನದ ಎಂಜಿನ್ನಿನ ಕವಾಟಗಳಿಗೆ ಹೋಯಿತು. ಹೀಗಾಗಿ ಸ್ಟೇನ್‌ಲೆಸ್ ಚಾಕು ಜನರ ಕೈಗೆ ನಿಜವಾಗಿ ಬಂದದ್ದು ಯುದ್ಧ ಮುಗಿದ ಮೇಲೆ.

ಈ ಇತಿಹಾಸವೇ ಒಂದು ಅಳತೆಗೋಲು. ವಿಕ್ಟೋರಿಯಾ ಕಾಲದ ಒಡಲಿನಲ್ಲಿ ಕ್ರೋಮಿಯಂ ಉಕ್ಕಿನ ಅಲಗು ಇದ್ದರೆ ಅದು ಬದಲಾದದ್ದೆಂದು ಬೇರೆ ಸಾಕ್ಷಿಯಿಲ್ಲದೆಯೂ ಹೇಳಬಹುದು. ಒಂದು ವಸ್ತುವನ್ನು ಜೋಡಿಸಿದ ದಿನ ಅದರ ಅತಿ ಹೊಸ ಭಾಗ ಹುಟ್ಟಿದ ದಿನಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ ಎಂಬುದು ಪುರಾತತ್ವದವರು ದಿನವೂ ಬಳಸುವ ನಿಯಮ. ಮಣ್ಣಿನ ಪದರದಲ್ಲಿ ಸಿಕ್ಕ ನಾಣ್ಯಕ್ಕೆ ಅನ್ವಯಿಸುವ ಆ ನಿಯಮ ಅಲಗಿನಲ್ಲಿರುವ ಕ್ರೋಮಿಯಂಗೂ ಅನ್ವಯಿಸುತ್ತದೆ.

ಕ್ರೋಮಿಯಂ ಇದೆಯೋ ಇಲ್ಲವೋ ಎಂದು ತಿಳಿಯಲು ಅನೇಕರು ಅಯಸ್ಕಾಂತ ಹಿಡಿಯುತ್ತಾರೆ. ಅದು ಪ್ರಯೋಜನವಿಲ್ಲದ ಪರೀಕ್ಷೆ. ಸ್ಟೇನ್‌ಲೆಸ್‌ಗೆ ಅಯಸ್ಕಾಂತ ಅಂಟುವುದಿಲ್ಲ ಎಂಬ ತಿಳಿವಳಿಕೆ ನಮಗೆ ಬಂದದ್ದು ಅಡುಗೆಮನೆಯ ಪಾತ್ರೆಗಳಿಂದ. ಒಳ್ಳೆಯ ಪಾತ್ರೆಯ ಉಕ್ಕಿನಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ ಜೊತೆ 8 ಶೇಕಡಾ ನಿಕಲ್ ಇರುತ್ತದೆ. ಕಾಯಿಸಿದಾಗ ಕಬ್ಬಿಣದ ಅಣುಗಳು ಹೊಂದುವ ಜೋಡಣೆ ತಣ್ಣಗಾದ ಮೇಲೂ ಹಾಗೆಯೇ ಉಳಿಯುವಂತೆ ನಿಕಲ್ ಮಾಡುತ್ತದೆ, ಆ ಜೋಡಣೆಗೆ ಅಯಸ್ಕಾಂತ ಹಿಡಿಯದು. ಆದರೆ ಅಂಥ ಉಕ್ಕನ್ನು ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದರೆ ಗಡಸಾಗುವುದಿಲ್ಲ, ಅದರಿಂದ ಅಲಗು ಮಾಡಿದರೆ ಬಾಯಿ ನಿಲ್ಲದು. ಅಲಗಿನ ಸ್ಟೇನ್‌ಲೆಸ್‌ನಲ್ಲಿ ನಿಕಲ್ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ, ಇಂಗಾಲ ಹೆಚ್ಚು. ಅದು ಹದಕ್ಕೆ ಬರುತ್ತದೆ, ಅಯಸ್ಕಾಂತಕ್ಕೂ ಗಟ್ಟಿಯಾಗಿ ಅಂಟುತ್ತದೆ. ಅಯಸ್ಕಾಂತ ಅಂಟಿತು, ಆದ್ದರಿಂದ ಹಳೇ ಉಕ್ಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಮ್ಮ ಕಡೆ ಕಮ್ಮಾರರು ಹಾಕಿಕೊಟ್ಟ ಅಲಗುಗಳು ಇನ್ನೂ ಸ್ವಾರಸ್ಯವಾದವು. ಕಮ್ಮಾರ ಕಾರ್ಖಾನೆಯಿಂದ ಹೊಸ ಉಕ್ಕು ತರಿಸುತ್ತಿರಲಿಲ್ಲ, ಕೈಗೆ ಸಿಕ್ಕ ಗಟ್ಟಿ ಉಕ್ಕನ್ನು ಬಡಿದು ಅಲಗು ಮಾಡುತ್ತಿದ್ದ. ಲಾರಿಯ ಮುರಿದ ಪಟ್ಟಿ ಸ್ಪ್ರಿಂಗು, ಸವೆದ ಅರ, ಮುರಿದ ಗರಗಸದ ಬ್ಲೇಡು ಯಾವುದಾದರೂ ಸರಿ. ಅರದಲ್ಲಿ ಇಂಗಾಲ ಒಂದು ಶೇಕಡಾಕ್ಕಿಂತ ಹೆಚ್ಚು. ಲಾರಿ ಸ್ಪ್ರಿಂಗಿನಲ್ಲಿ ಅದರ ಅರ್ಧದಷ್ಟು ಮಾತ್ರ, ಆದರೆ ಸಿಲಿಕಾನ್ ಇಲ್ಲವೇ ಕ್ರೋಮಿಯಂ, ಮ್ಯಾಂಗನೀಸ್ ಸೇರಿರುತ್ತದೆ. ಯಂತ್ರದ ಗರಗಸದ ಬ್ಲೇಡಿನಲ್ಲಿ ಟಂಗ್‌ಸ್ಟನ್ ಅಥವಾ ಮಾಲಿಬ್ಡಿನಂ. ಕೆಂಪಗೆ ಕಾದರೂ ಗಡಸು ಬಿಡದ ಈ ಉಕ್ಕನ್ನು ಅಮೆರಿಕದ ಟೇಲರ್ ಮತ್ತು ವೈಟ್ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿ ಜಗತ್ತನ್ನು ಬೆರಗುಗೊಳಿಸಿದ್ದರು. ಹೀಗೆ ಕಮ್ಮಾರ ಯಾವ ಗುಜರಿಯನ್ನು ಬಳಸಿದ ಎಂಬುದರಿಂದಲೇ ಅಲಗಿನ ಕಾಲ ಒಂದು ಮಿತಿಗೆ ಬರುತ್ತದೆ. ಲಾರಿಯ ಸ್ಪ್ರಿಂಗಿನಿಂದ ಮಾಡಿದ ಅಲಗು ಆ ದಾರಿಯಲ್ಲಿ ಲಾರಿ ಓಡುವ ಮುನ್ನ ಬಂದಿರಲಾರದು.

ಇದನ್ನು ಕಣ್ಣಿಂದಲೇ ಅಂದಾಜು ಮಾಡುವ ಹಳೇ ವಿದ್ಯೆ ಕಿಡಿ ಪರೀಕ್ಷೆ. ಸಾಣೆ ಹಿಡಿಯುವವರಿಗೆ ಅದು ಅಭ್ಯಾಸದಿಂದ ಗೊತ್ತು. ಬುಡಾಪೆಸ್ಟಿನ ಎಂಜಿನಿಯರ್ ಮ್ಯಾಕ್ಸ್ ಬೆರ್ಮನ್ 1909ರಲ್ಲಿ ಅದನ್ನು ಕ್ರಮಬದ್ಧವಾಗಿ ವಿವರಿಸಿದ. ಸಾಣೆ ಚಕ್ರಕ್ಕೆ ತಾಗಿದ ಉಕ್ಕಿನ ಕಣ ಗಾಳಿಯಲ್ಲಿ ಉರಿಯುತ್ತ ಹಾರುವಾಗ ಒಳಗಿನ ಇಂಗಾಲ ಅನಿಲವಾಗಿ ಸಿಡಿಯುತ್ತದೆ, ನಮಗೆ ಕಾಣುವ ಚುಕ್ಕಿಯ ಹೂವು ಅದೇ. ಇಂಗಾಲ ಹೆಚ್ಚಿದಷ್ಟೂ ಹೂವು ಒತ್ತಾಗಿ ಬೆಳ್ಳಗಿರುತ್ತದೆ. ಅರದಿಂದ ಮಾಡಿದ ಅಲಗಾದರೆ ದೀಪಾವಳಿ. ಯಂತ್ರದ ಗರಗಸದ ಉಕ್ಕು ಮಂಕು ಕೆಂಪು ಗೆರೆಗಳನ್ನಷ್ಟೇ ಚೆಲ್ಲುತ್ತದೆ. ಸ್ಟೇನ್‌ಲೆಸ್ ಅಲಗಿನ ಕಿಡಿ ಮೋಟು, ಕಿತ್ತಳೆ ಬಣ್ಣ, ಸಿಡಿತ ವಿರಳ. ಪರೀಕ್ಷೆಗಾಗಿಯೇ ಹಳೇ ಚಾಕುವನ್ನು ಚಕ್ರಕ್ಕೆ ಕೊಡಬಾರದು. ಹೇಗೂ ಸಾಣೆ ಹಿಡಿಸುವ ದಿನ ಬಂದರೆ ಆಗ ಕಿಡಿಯನ್ನು ಗಮನಿಸಿ, ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರ ಹಿಡಿದಿಟ್ಟುಕೊಳ್ಳಿ.

ಖಚಿತವಾದ ಲೆಕ್ಕ ಬೇಕೆಂದರೆ ಬೆಳಗಾವಿಯವರು ಪುಣ್ಯವಂತರು. ನೂರಕ್ಕೂ ಹೆಚ್ಚು ಫೌಂಡ್ರಿಗಳಿರುವ ಊರಿದು. ಉದ್ಯಮಬಾಗದಂಥ ಕಡೆ ಎರಕದ ಲೋಹದಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಅಳೆಯುವ ಸ್ಪೆಕ್ಟ್ರೋಮೀಟರ್ ನಿತ್ಯದ ಉಪಕರಣ. ಅದು ಲೋಹದ ಮೇಲೆ ವಿದ್ಯುತ್ ಕಿಡಿ ಹಾರಿಸಿ, ಆವಿಯಾದ ಅಣುಗಳು ಬೀರುವ ಬೆಳಕಿನ ಬಣ್ಣಗಳನ್ನು ಬಿಡಿಸಿ ಓದುತ್ತದೆ. ಇಂಗಾಲವನ್ನೂ ಅಳೆಯುತ್ತದೆ. ತೊಂದರೆ ಎಂದರೆ ಮೇಲ್ಮೈಯನ್ನು ಮೊದಲು ಉಜ್ಜಬೇಕು, ಕಿಡಿ ಬಿದ್ದಲ್ಲಿ ಕೆಲವು ಮಿಲಿಮೀಟರಿನ ಸುಟ್ಟ ಕಲೆ ಉಳಿಯುತ್ತದೆ. ಅಜ್ಜನ ಚಾಕುವಿಗೆ ಅದು ದುಬಾರಿ ಬೆಲೆ.

ಗಾಯ ಮಾಡದ ದಾರಿಯೊಂದಿದೆ. ಸರಾಫರ ಅಂಗಡಿಗಳಲ್ಲಿ ಚಿನ್ನದ ಶುದ್ಧತೆ ನೋಡುವ ಕ್ಯಾರೆಟ್ ಯಂತ್ರವನ್ನು ನೋಡಿರುತ್ತೀರಿ. ಅದು ಎಕ್ಸ್-ಕಿರಣವನ್ನು ಹಾಯಿಸಿ ಅಣುವಿನ ಒಳಸುತ್ತಿನ ಎಲೆಕ್ಟ್ರಾನನ್ನು ಹೊರದೂಡುತ್ತದೆ. ಖಾಲಿಯಾದ ಜಾಗಕ್ಕೆ ಹೊರಸುತ್ತಿನದು ಇಳಿಯುವಾಗ ಹೊಸ ಎಕ್ಸ್-ಕಿರಣ ಹೊರಡುತ್ತದೆ. ಅದರ ಶಕ್ತಿ ಧಾತುವಿನಿಂದ ಧಾತುವಿಗೆ ಬೇರೆ, ಬೆರಳಚ್ಚಿನಷ್ಟೇ ನಿಖರ. ಈ ನಿಯಮವನ್ನು ಹೆನ್ರಿ ಮೋಸ್ಲೆ ಮ್ಯಾಂಚೆಸ್ಟರಿನಲ್ಲಿ ಕಂಡುಕೊಂಡದ್ದು 1913ರಲ್ಲಿ, ಬ್ರೇರ್ಲಿ ಕ್ರೋಮಿಯಂ ಉಕ್ಕನ್ನು ಹೊಯ್ಯಿಸಿದ ವರ್ಷದಲ್ಲೇ. ಎರಡೇ ವರ್ಷಕ್ಕೆ, 27ರ ವಯಸ್ಸಿನಲ್ಲಿ ಮೋಸ್ಲೆ ಗಲಿಪೊಲಿಯ ಯುದ್ಧದಲ್ಲಿ ತೀರಿಕೊಂಡ. ವಿಜ್ಞಾನಕ್ಕೆ ಆದ ಆ ನಷ್ಟ ನೆನೆದರೆ ಈಗಲೂ ಸಂಕಟವಾಗುತ್ತದೆ. ಲೋಹ ಮಿಶ್ರಣಕ್ಕೆಂದು ಹೊಂದಿಸಿದ ಇಂಥ ಯಂತ್ರ ಅಲಗಿನ ಕ್ರೋಮಿಯಂ, ನಿಕಲ್, ಟಂಗ್‌ಸ್ಟನ್, ಮ್ಯಾಂಗನೀಸ್‌ಗಳನ್ನು ನಿಮಿಷದೊಳಗೆ ಹೇಳುತ್ತದೆ. ಇಂಗಾಲದ ವಿಷಯದಲ್ಲಿ ಮಾತ್ರ ಮೂಕ. ಇಂಗಾಲದ ಎಕ್ಸ್-ಕಿರಣ ಎಷ್ಟು ದುರ್ಬಲವೆಂದರೆ ಯಂತ್ರದ ಕಿಟಕಿ ದಾಟುವ ಮುನ್ನವೇ ಗಾಳಿಯಲ್ಲಿ ಇಂಗಿಹೋಗುತ್ತದೆ. ಚಿನ್ನಕ್ಕಷ್ಟೇ ಹೊಂದಿಸಿದ ಯಂತ್ರ ಉಕ್ಕಿನ ಬಗ್ಗೆ ತಪ್ಪು ಲೆಕ್ಕವನ್ನೂ ಕೊಡಬಹುದು, ಅದನ್ನು ಮೊದಲೇ ವಿಚಾರಿಸಿ.

ಕೆಲವರು ಇಂಗಾಲದ ಕಾಲನಿರ್ಣಯ ಮಾಡಿಸಬಹುದೇ ಎಂದು ಕೇಳುತ್ತಾರೆ. ಇಂಥ ಚಾಕುವಿಗೆ ಅದು ಹಣ ಸುಡುವ ಕೆಲಸ. ಇದ್ದಿಲಿನಿಂದ ಮಾಡಿದ ಪ್ರಾಚೀನ ಉಕ್ಕಿನಲ್ಲಿ ಮರದ ಇಂಗಾಲ ಇರುವುದರಿಂದ ಆ ವಿಧಾನ ನಡೆಯುತ್ತದೆ. ಕಲ್ಲಿದ್ದಲಿನ ಕೋಕ್‌ನಿಂದ ಮಾಡಿದ ಉಕ್ಕಿನಲ್ಲಿರುವುದು ಕೋಟ್ಯಂತರ ವರ್ಷ ಹಿಂದಿನ ಕಾಡಿನ ಇಂಗಾಲ. ವಿಕಿರಣ ಇಂಗಾಲ ಅದರಲ್ಲಿ ಯಾವತ್ತೋ ಮುಗಿದುಹೋಗಿರುವುದರಿಂದ ನಿನ್ನೆ ಮಾಡಿದ ಅಲಗು ಕೂಡ ಅಳತೆಗೆ ಸಿಗದಷ್ಟು ಪುರಾತನ ಎಂಬ ಉತ್ತರ ಬರುತ್ತದೆ.

ಇನ್ನೊಂದು ಅಬ್ಬರ ದಮಾಸ್ಕಸ್ ಎಂಬ ಹೆಸರಿನದು. ಅಲೆಅಲೆಯಾದ ಗೆರೆಯಿರುವ ಹೊಸ ಅಲಗುಗಳನ್ನು ಈ ಹೆಸರಿನಲ್ಲಿ ಆನ್‌ಲೈನಿನಲ್ಲಿ ಮಾರುತ್ತಾರೆ, ಹಳೇ ಹಿಡಿಕೆಗಳಿಗೂ ಅವನ್ನು ಕೂರಿಸುತ್ತಾರೆ. ಅವು ಎರಡು ಬಗೆಯ ಉಕ್ಕನ್ನು ಮಡಿಸಿ ಬೆಸೆದು, ಆಮ್ಲದಿಂದ ಗೆರೆ ಎಬ್ಬಿಸಿದ ಅಲಗುಗಳು. ಚೆಲುವಾಗಿರುತ್ತವೆ, ಒಪ್ಪುತ್ತೇನೆ. ಆದರೆ ನಿಜವಾದ ದಮಾಸ್ಕಸ್ ಕತ್ತಿಗಳ ಉಕ್ಕು ನಮ್ಮ ದಕ್ಷಿಣದ ಮೂಸೆಗಳಲ್ಲಿ ಬೆಂದದ್ದು. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆಯಲ್ಲಿ ತಿರುಗಾಡುವಾಗ ಈ ಉಕ್ಕು ಮಾಡುವುದನ್ನು ಕಂಡು ಬರೆದಿದ್ದಾನೆ. ಲಂಡನ್ನಿನಲ್ಲಿ ಜಾರ್ಜ್ ಪಿಯರ್ಸನ್ 1795ರಲ್ಲೇ ಅದರ ಬಗ್ಗೆ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದ್ದ. ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ತಯಾರಕ ಭಾರತದ ಈ ಉಕ್ಕು ಯುರೋಪಿನ ಉಕ್ಕಿಗಿಂತ ಮೇಲು ಎಂದು ತನ್ನ ಅಂಗಡಿಯ ಚೀಟಿಯಲ್ಲೇ ಅಚ್ಚು ಹಾಕಿಸಿದ್ದ. ಕಮ್ಮಾರನ ಮಗ ಮೈಕೆಲ್ ಫ್ಯಾರಡೆ, ವಿದ್ಯುತ್ತಿನ ಸಂಶೋಧನೆಗಳಿಂದ ಹೆಸರಾಗುವ ಮೊದಲು, 1819ರಿಂದ ಇದೇ ಸ್ಟೊಡಾರ್ಟ್ ಜೊತೆಗೂಡಿ ನಮ್ಮ ಉಕ್ಕಿನ ಗುಟ್ಟು ಹುಡುಕಿದ. ಪ್ಲಾಟಿನಂ, ಬೆಳ್ಳಿ, ರೋಡಿಯಂ ಬೆರೆಸಿ ಉಕ್ಕು ಮಾಡಿದ, ಅದರಿಂದ ಕ್ಷೌರದ ಕತ್ತಿ ಮಾಡಿಸಿ ಗೆಳೆಯರಿಗೆ ಕೊಟ್ಟ. ಅವನ 79 ಮಾದರಿಗಳು ಒಂದು ಮರದ ಪೆಟ್ಟಿಗೆಯಲ್ಲಿ ಉಳಿದಿದ್ದವು, 1931ರಲ್ಲಿ ಶೆಫೀಲ್ಡಿನ ಲೋಹತಜ್ಞ ರಾಬರ್ಟ್ ಹ್ಯಾಡ್‌ಫೀಲ್ಡ್ ಅವನ್ನು ಪರೀಕ್ಷಿಸಿ ಫ್ಯಾರಡೆ ಏನೇನು ಬೆರೆಸಿದ್ದ ಎಂದು ಬಿಡಿಸಿಟ್ಟ. ಉಕ್ಕನ್ನು ನುಣ್ಣಗೆ ಉಜ್ಜಿ ಆಮ್ಲ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ಓದುವ ವಿದ್ಯೆ ಹುಟ್ಟಿದ್ದೂ ಶೆಫೀಲ್ಡಿನಲ್ಲೇ, 1863-64ರಲ್ಲಿ, ಹೆನ್ರಿ ಕ್ಲಿಫ್ಟನ್ ಸೋರ್ಬಿಯ ಕೈಯಲ್ಲಿ. ಕಲ್ಲು, ಉಲ್ಕೆಗಳನ್ನು ನೋಡುತ್ತಿದ್ದವನು ಉಕ್ಕನ್ನೂ ಅದೇ ಕಣ್ಣಿಂದ ನೋಡಿದ, ಮುತ್ತಿನ ಹೊಳಪಿನ ಪದರಗಳನ್ನು ಕಂಡ. ಅಲಗೊಂದು ಕುಲುಮೆಯಲ್ಲಿ ಬಡಿದದ್ದೋ ತಗಡಿನಿಂದ ಕತ್ತರಿಸಿದ್ದೋ, ಹದ ಬಾಯಿಗೆ ಮಾತ್ರ ಕೊಟ್ಟದ್ದೋ ಇಡೀ ಅಲಗಿಗೋ ಎಂದು ಇಂದಿಗೂ ಹೇಳುವುದು ಸೋರ್ಬಿಯ ಈ ವಿಧಾನವೇ.

ಹಿಡಿಕೆಯೂ ಸಾಕ್ಷಿ ಹೇಳುತ್ತದೆ. 19ನೇ ಶತಮಾನದ ಕೊನೆಯಿಂದ ದಂತ, ಆಮೆಚಿಪ್ಪುಗಳ ಬದಲು ಸೆಲ್ಯುಲಾಯ್ಡ್ ಬಂತು. ಅದು ಹಳತಾದಂತೆ ತಾನೇ ಕೊಳೆತು ಸಾರಜನಕದ ಆಮ್ಲೀಯ ಅನಿಲ ಬಿಡುತ್ತದೆ, ಮಡಚಿಟ್ಟ ಅಲಗನ್ನು ಒಳಗಿನಿಂದಲೇ ತಿನ್ನುತ್ತದೆ. ಒಳತಗಡು, ಸ್ಪ್ರಿಂಗು ಎರಡೂ ಗುಳಿಗುಳಿ ಬಿದ್ದಿದ್ದು ಅವುಗಳ ನಡುವೆ ಮಲಗಿದ್ದ ಅಲಗು ಮಾತ್ರ ನುಣ್ಣಗಿದ್ದರೆ ಅದು ಆ ಕೊಳೆತದ ಕಾಲದಲ್ಲಿ ಅಲ್ಲಿರಲಿಲ್ಲ ಎಂದಾಯಿತು. ಸೈನ್ಯದ 1939ರ ಮಾದರಿಯ ಕಪ್ಪು ಹಿಡಿಕೆ ಬೆಕ್ಸಾಯ್ಡ್ ಎಂಬ ಇನ್ನೊಂದು ಪ್ಲಾಸ್ಟಿಕ್. ಅದು ಕೆಟ್ಟರೆ ವಿನೆಗರಿನ ಹುಳಿ ವಾಸನೆ ಬರುತ್ತದೆ, ಸೆಲ್ಯುಲಾಯ್ಡನ್ನು ತಿಕ್ಕಿದರೆ ಕರ್ಪೂರದ ವಾಸನೆ. ಕಾದ ಸೂಜಿ ಚುಚ್ಚಿ ನೋಡುವ ಸಲಹೆ ಕೇಳಿಬಂದರೆ ದಯವಿಟ್ಟು ಪಾಲಿಸಬೇಡಿ, ಸೆಲ್ಯುಲಾಯ್ಡ್ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಹಿಡಿಕೆ ಆನೆದಂತದ್ದಾದರೆ ಅಡ್ಡ ಕೊಯ್ದ ಮುಖದಲ್ಲಿ ಒಂದನ್ನೊಂದು ದಾಟುವ ಬಾಗಿದ ಗೆರೆಗಳು ಕಾಣುತ್ತವೆ, ಎಲುಬಾದರೆ ರಕ್ತನಾಳದ ಸಣ್ಣ ಕಪ್ಪು ಚುಕ್ಕಿಗಳು. ದಂತವೆಂದು ಅನುಮಾನ ಬಂದರೆ ಮಾರುವ ಮಾತೇ ಬೇಡ, ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಈಗ ಓದುಗರ ಚಾಕು. ಫೋಟೊಗಳಲ್ಲಿ ಡಬ್ಬಿ ಕೊಕ್ಕೆಯ ಬುಡದಲ್ಲಿ ಬಾಣದ ಗುರುತು ಇದೆ, ಹಿಡಿಕೆ 1939ರ ಮಾದರಿಗೆ ಒಪ್ಪುತ್ತದೆ. ಅಲಗಿನ ಬುಡದಲ್ಲಿ ಒಂದು ಅಕ್ಷರವೂ ಇಲ್ಲ. ಕೀಲಿನ ಮೊಳೆಯ ತಲೆ ಒಂದು ಬದಿಗೆ ಚಪ್ಪಟೆಯಾಗಿ ಹರಡಿದೆ, ಉಗುರು ಸಿಕ್ಕಿಸುವ ಗೀರನ್ನು ಅರದಿಂದ ಕೈಯಲ್ಲೇ ಕೊರೆದಂತಿದೆ. ಹಾಗಾದರೆ ಒಡಲು ಸೈನ್ಯದ್ದು, ಅಲಗು ಆಮೇಲೆ ಹಾಕಿಸಿದ್ದು, ಹಾಕಿದವರು ಕಾರ್ಖಾನೆಯವರಲ್ಲ, ಕೈಕೆಲಸದವರು. ಅಲಗಿನ ಮೇಲೂ ಉದ್ದುದ್ದ ಸಾಣೆಯ ಗೆರೆಗಳಿವೆ, ಬಾಯಿ ನಡುವೆ ಒಳಕ್ಕೆ ಬಾಗುವಷ್ಟು ಸವೆದಿದೆ. ಮಾರಲೆಂದು ಮಾಡಿದ ನಕಲಿಯಲ್ಲಿ ಇಷ್ಟು ಸವೆತ ಇರುವುದಿಲ್ಲ, ಬದಲಾದ ಮೇಲೆ ಈ ಅಲಗು ಬಹಳ ವರ್ಷ ದುಡಿದಿದೆ. ನಕಲಿಯಲ್ಲಿ ಮೋಸದ ಉದ್ದೇಶ ಇರುತ್ತದೆ, ಇಲ್ಲಿರುವುದು ದುರಸ್ತಿ.

ಒಡಲಿನೊಳಗೆ ಸೇರಿದ ಕಸವನ್ನು ಮರದ ಕಡ್ಡಿಯಿಂದ ತೆಗೆದು ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಬಿಡಿ. ಕೊಬ್ಬರಿ ಎಣ್ಣೆ ಬೇಡ, ಅದರ ಕೊಬ್ಬಿನಾಮ್ಲ ಹಿತ್ತಾಳೆಯ ಒಳತಗಡಿನ ತಾಮ್ರದೊಂದಿಗೆ ಸೇರಿ ಹಸಿರು ಕಿಲುಬು ಕಟ್ಟುತ್ತದೆ. ಕಪ್ಪು ಮುಪ್ಪನ್ನು ಉಜ್ಜಿ ಹೊಳಪು ಬರಿಸಬೇಡಿ. ಅಳತೆ, ಗುರುತು, ಯಾರಿಂದ ಯಾರಿಗೆ ಬಂತು ಎಂಬುದನ್ನು ಒಂದು ಕಾಗದದಲ್ಲಿ ಬರೆದು ಜೊತೆಗಿಡಿ. ಆ ಮಾದರಿಯ ಅಸಲಿ ಅಲಗು ಆನ್‌ಲೈನಿನಲ್ಲಿ ಸಿಗುತ್ತದೆ, ತರಿಸಿ ಹಾಕಿಸಲೇ ಎಂದೂ ಪತ್ರದ ಕೊನೆಯಲ್ಲಿ ಕೇಳಿದ್ದಾರೆ. ಖಂಡಿತ ಬೇಡ. ಅದಕ್ಕಾಗಿ ಮೊಳೆಯನ್ನು ಮತ್ತೆ ಕೊರೆಯಬೇಕು, ಸ್ಪ್ರಿಂಗಿನ ಮೇಲಿನ ಹಳೇ ಪಟ್ಟಿಯನ್ನು ಹೊಸ ಅಲಗು ಉಜ್ಜಿಹಾಕುತ್ತದೆ, ಮೂರು ಕಾಲದ ಗುರುತುಗಳಲ್ಲಿ ಎರಡು ಒಂದೇ ಮಧ್ಯಾಹ್ನದಲ್ಲಿ ಹೋಗಿಬಿಡುತ್ತವೆ.